ಗಾಳಿ ಹಾಕುವವಳ ಕುಚೇಷ್ಟೆಗಳು

ಜೂನ್ ೨, ಭಾನುವಾರ

ಇವತ್ತು ಎರಡನೆಯ ಹಾಡಿಗೆ ಅಕ್ಕ ಐದು ಚರಣ ಬಾರಿಸಿದಳು. ಆ ಹಾಡಿಗೆ ಇರುವುದು ನಾಲ್ಕೇ.

ನಾನು ಆರ್ಗನ್ನಿನ ಹಿಂದೆ, ಮರದ ತಡಿಕೆಯ ಆಚೆ, ನನ್ನ ಎಂದಿನ ಮೂಲೆಯಲ್ಲಿ ನಿಂತು ತಿದಿಯ ಹಿಡಿಕೆ ಎತ್ತಿ ಇಳಿಸುತ್ತಿದ್ದೆ. ನಮ್ಮ ಚರ್ಚಿನ ಆರ್ಗನ್ನಿಗೆ ಇವತ್ತಿಗೂ ಕೈಯಿಂದಲೇ ಗಾಳಿ ಹಾಕಬೇಕು. ಹಿಂದೆ ಒಬ್ಬರು ತಿದಿ ಒತ್ತಿದರೆ ಮಾತ್ರ ಮುಂದೆ ಕೂತವರ ಬೆರಳಿಗೆ ಸ್ವರ ಸಿಗುತ್ತದೆ. ಮುಂದೆ ಕೂರುವವಳು ಅಕ್ಕ, ಹಿಂದೆ ನಿಲ್ಲುವವಳು ನಾನು. ಒಂಬತ್ತನೆಯ ವಯಸ್ಸಿಗೆ ಹಿಡಿಕೆ ಹಿಡಿದೆ, ಈಗ ಅರವತ್ತೊಂದು. ಅಕ್ಕನ ಕೈಯನ್ನು ಹೊಗಳದವರಿಲ್ಲ. ಇವತ್ತು ಗಾಳಿ ಚೆನ್ನಾಗಿತ್ತು ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿಲ್ಲ.

ಜನ ನಾಲ್ಕನೆಯ ಚರಣ ಮುಗಿಸಿ, ಆಮೆನ್ ಹೇಳಿ, ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು. ಅಕ್ಕ ಮಾತ್ರ ಮತ್ತೆ ಮೊದಲಿನಿಂದ ಶುರು ಮಾಡಿದಳು. ಏನು ಮಾಡಬೇಕೆಂದು ತೋಚದೆ ಹಿಡಿಕೆ ಬಿಟ್ಟುಬಿಟ್ಟೆ. ತಿದಿಯಲ್ಲಿ ಗಾಳಿ ಎಷ್ಟಿದೆ ಎಂದು ತೋರಿಸಲು ಗೋಡೆಯ ಮೇಲೆ ದಾರಕ್ಕೆ ಕಟ್ಟಿದ ಸೀಸದ ಗುಂಡೊಂದಿದೆ. ಅದು ಖಾಲಿ ಎಂದು ತೋರಿಸುವ ಕೆಂಪು ಗೆರೆ ಮುಟ್ಟಿದ್ದೇ ಆರ್ಗನ್ನು 'ಬ್ಬೋ' ಎಂದು ನರಳಿ ಬಾಯಿ ಮುಚ್ಚಿತು. ಇಡೀ ಸಭೆ ಗೊಳ್ಳೆಂದು ನಕ್ಕಿತು.

ಆರಾಧನೆ ಮುಗಿದ ಮೇಲೆ ಹೊಸ ಅಯ್ಯನವರು ತಡಿಕೆಯ ಹಿಂದೆ ಬಂದರು. ಈ ಪಾದ್ರಿಗಳು ಬಂದು ಮೂರು ತಿಂಗಳೂ ಆಗಿಲ್ಲ, ಇನ್ನೂ ಎಲ್ಲರಿಗೂ ಹೆದರುತ್ತಾರೆ.

"ಏನಾಯ್ತಮ್ಮ? ತಿದಿ ಹರೀತಾ?"

"ಇಲ್ಲ ಅಯ್ಯನವರೇ. ಅಕ್ಕನ್ನ ರೇಗಿಸೋಣ ಅಂತ ನಾನೇ ಗಾಳಿ ಬಿಟ್ಟೆ." ಸುಳ್ಳು ಹೇಗೆ ಅಷ್ಟು ಸಲೀಸಾಗಿ ಬಂತೋ ಗೊತ್ತಿಲ್ಲ.

ಅವರ ಹಿಂದೆ ನಿಂತಿದ್ದ ಗಡಿಯಾರದಣ್ಣ ಹೊಟ್ಟೆ ಕುಲುಕಿಸಿ ನಕ್ಕರು. ಅವರು ಗಡಿಯಾರ ರಿಪೇರಿ ಮಾಡುವವರು, ಸಭಾ ಸಮಿತಿಯ ಕಾರ್ಯದರ್ಶಿ, ನಾವು ಫ್ರಾಕು ಹಾಕುತ್ತಿದ್ದ ಕಾಲದಿಂದ ನಮ್ಮನ್ನು ಬಲ್ಲವರು. "ಇವರಿಬ್ರೂ ಹುಟ್ಟು ತರಲೆಗಳು ಅಯ್ಯನವರೇ. ನೀವು ಹೊಸಬರು, ಇನ್ನೂ ನೋಡ್ತೀರಿ" ಎಂದರು.

ನೋಡುತ್ತಾರೆ, ನಿಜ. ಹೋದ ಬುಧವಾರ ಡಾಕ್ಟರು ಅಕ್ಕನ ಕೈಗೆ ಪೆನ್ಸಿಲ್ ಕೊಟ್ಟು ಗಡಿಯಾರ ಬರೆಯಿರಿ ಎಂದರು. ಹನ್ನೆರಡು ಅಂಕಿಗಳನ್ನೂ ಅವಳು ಒಂದೇ ಕಡೆ ಗುಡ್ಡೆ ಹಾಕಿದಳು. ಮರೆವಿನ ಕಾಯಿಲೆ, ಇನ್ನು ಹೆಚ್ಚುತ್ತಾ ಹೋಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ಕೈಗೆ ರೂಢಿಯಾದ ಕೆಲಸ ಮಾತ್ರ ಕೊನೆಗೆ ಹೋಗುತ್ತದೆ ಎಂದರು. ಮೆಟ್ಟಿಲಿಳಿಯುವಾಗ ಅಕ್ಕ ಡಾಕ್ಟರ ಚೀಟಿಯನ್ನು ನಾಲ್ಕು ತುಂಡು ಮಾಡಿ ಕಸದ ಡಬ್ಬಿಗೆ ಹಾಕಿದಳು. ನನ್ನ ತೋಳು ಹಿಡಿದು, "ಆರ್ಗನ್ ಮಾತ್ರ ಬಿಡಿಸ್ಬೇಡ ಕಣೇ. ಯಾರಿಗೂ ಹೇಳ್ಬೇಡ. ಅದೂ ಹೋದ್ರೆ ನಾನು ಯಾರು ಅಂತ ನಂಗೇ ಗೊತ್ತಿರಲ್ಲ" ಎಂದಳು. ಆಗಲಿ ಎಂದೆ. ಆ ಮಾತಿಗೆ ಕಟ್ಟುಬಿದ್ದು ಇವತ್ತಿನ ಸುಳ್ಳು.

ಜೂನ್ ೪, ಮಂಗಳವಾರ

ಬೆಳಗ್ಗೆಯಿಂದ ಮೂವತ್ತು ಅಂಗಿಗಳಿಗೆ ಕಾಜಾ ಹೊಲಿದೆ. ಟೈಲರ್ ಅಂಗಡಿಯವರಿಗೆ ಗುಂಡಿಯ ತೂತು ಹೊಲಿದುಕೊಡುವುದೇ ನನ್ನ ಹೊಟ್ಟೆಪಾಡು. ಎದುರಿಗೆ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರ್ಪಡಿಸು ಎಂದರೆ ಅಕ್ಕ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಳು. "ಕತ್ತೆ! ಕಣ್ಣಿಲ್ವಾ?" ಎಂದು ರೇಗಿದೆ. ಅಕ್ಕನಿಗೆ ಕತ್ತೆ ಎಂದದ್ದು ಜೀವಮಾನದಲ್ಲಿ ಇದೇ ಮೊದಲು. ಅವಳು ನಕ್ಕುಬಿಟ್ಟಳು, ನನಗೆ ಅಳು ಬಂತು.

ಪರೀಕ್ಷೆ ಮಾಡೋಣ ಎಂದು, "ಹಸು ಬಂದಿದ್ದು ನೆನಪಿದ್ಯಾ?" ಎಂದು ಕೇಳಿದೆ. ಅವಳ ಮುಖ ಅರಳಿತು. ಒಂದು ಅಕ್ಷರ ತಪ್ಪದೆ ಹೇಳಿದಳು. ಅವಳಿಗೆ ಹದಿನಾಲ್ಕು, ನನಗೆ ಒಂಬತ್ತು. ಆಗಿನ ಮುದಿ ಅಯ್ಯನವರ ಪ್ರಾರ್ಥನೆ ಒಮ್ಮೆ ಶುರುವಾದರೆ ಮುಗಿಯುವ ಹೊತ್ತಿಗೆ ಮಂಡಿಗಳು ಸತ್ತುಹೋಗುತ್ತಿದ್ದವು. ಆಗ ಬಾರಿಸುತ್ತಿದ್ದ ಅಪ್ಪ ಆರ್ಗನ್ ಬಿಟ್ಟು ಮುಂದೆ ಹೋಗಿ ಮಂಡಿಯೂರಿದ್ದ. ಅಕ್ಕ ಬೆಕ್ಕಿನ ಹಾಗೆ ನುಸುಳಿ, ಎಲ್ಲಕ್ಕಿಂತ ಕೆಳಗಿನ ಸ್ವರದ ಮೇಲೆ ದಪ್ಪ ಹಾಡಿನ ಪುಸ್ತಕ ಇಟ್ಟು ಬಂದಳು. ತಿದಿಯಲ್ಲಿ ಗಾಳಿ ಇರಲಿಲ್ಲ, ಹಾಗಾಗಿ ಸದ್ದೂ ಇಲ್ಲ. ಅಯ್ಯನವರು "ಸರ್ವಶಕ್ತನೇ, ನಿನ್ನ ಧ್ವನಿಯನ್ನು ಕೇಳಿಸು" ಎಂದಾಗ ಅಕ್ಕ ನನಗೆ ಕಣ್ಣು ಹೊಡೆದಳು, ನಾನು ಹಿಡಿಕೆ ಒತ್ತಿದೆ. "ಬ್ಬೋ" ಎಂದು ನಿಧಾನಕ್ಕೆ ಎದ್ದ ಸದ್ದಿಗೆ ಇಡೀ ಸಭೆ ಬೆಚ್ಚಿತು. ಅಯ್ಯನವರು ಕಣ್ಣು ಬಿಡದೆಯೇ, "ಯಾರಾದ್ರೂ ಆ ಹಸೂನ ಹೊರಗೆ ಓಡಿಸಿ" ಎಂದರು. ಗಂಟೆ ಬಾರಿಸುವವನು ಕೋಲು ಹಿಡಿದು ಬೆಂಚುಗಳ ಕೆಳಗೆಲ್ಲ ಹುಡುಕಿದ.

ಮನೆಯಲ್ಲಿ ಅಪ್ಪ ನನ್ನ ಕಿವಿ ಹಿಂಡಿದ, ಅಕ್ಕನದ್ದಲ್ಲ. ಗಾಳಿ ಹಾಕಿದ್ದು ನಾನಲ್ಲವೇ. ಹಾಡಿದರೆ ಅಕ್ಕನ ಬೆರಳು, ನರಳಿದರೆ ನನ್ನ ಗಾಳಿ. ಆಗಿನಿಂದಲೂ ಇದೇ ಲೆಕ್ಕ.

ಜೂನ್ ೯, ಭಾನುವಾರ

ಈ ಸಲ ಸಿದ್ಧಳಾಗಿ ಹೋಗಿದ್ದೆ. ತಿದಿ ತುಂಬಿದ್ದರೆ ಹಿಡಿಕೆ ಬಿಟ್ಟ ಮೇಲೂ ಎರಡು ಸಾಲು ಹಾಡುವಷ್ಟು ಗಾಳಿ ಉಳಿದಿರುತ್ತದೆ. ಕೊನೆಯ ಚರಣದಲ್ಲಿ ಎರಡು ಸಾಲು ಬಾಕಿ ಇರುವಾಗ ಕೈ ಬಿಡಬೇಕು, ಆಮೆನ್ನಿಗೆ ಸರಿಯಾಗಿ ಗುಂಡು ಕೆಂಪು ಗೆರೆಗೆ ಬರುತ್ತದೆ. ಒಲೆಯ ಮೇಲಿನ ಹಾಲನ್ನು ಕಾಯುವ ಹಾಗೆ ಗುಂಡನ್ನೇ ನೋಡುತ್ತಾ ನಿಂತೆ. ಮೂರು ಹಾಡುಗಳಲ್ಲಿ ಎರಡು ಸರಿಹೋದವು. ಮೂರನೆಯದರಲ್ಲಿ ಅಕ್ಕ ನಿಧಾನ ಮಾಡಿದ್ದರಿಂದ ಗಾಳಿ ಮೊದಲೇ ಮುಗಿದು ಆರ್ಗನ್ನು ಮತ್ತೆ ನರಳಿತು, ಜನ ನಕ್ಕರು. ಬೇಕರಿಯವರು ಹೋಗುವಾಗ ತಡಿಕೆಯೊಳಗೆ ತಲೆ ಹಾಕಿ, "ಭಾನುವಾರ ಬಂದ್ರೆ ನಿಮ್ಮಿಂದಾಗಿ ಒಂಚೂರು ನಗು ಕಣ್ರಮ್ಮ" ಎಂದರು. ಬಿಡದೆ ಕೆಮ್ಮುತ್ತಿದ್ದರು, ಬಹಳ ಇಳಿದುಹೋಗಿದ್ದಾರೆ.

ಜೂನ್ ೧೬, ಭಾನುವಾರ

ಹಾಡಿನ ಸಂಖ್ಯೆ ತೋರಿಸುವ ಹಲಗೆಯ ಮೇಲೆ ೨೧೪ ಎಂದು ಅಂಕಿ ಹಾಕಿತ್ತು. ಅಕ್ಕ ಬಾರಿಸಿದ್ದು ಬೇರೆಯೇ. ಜನ ಅರ್ಧ ಸಾಲು ಹಾಡಿ, ಒಬ್ಬರ ಮುಖ ಒಬ್ಬರು ನೋಡಿ, ಬಾಯಿ ಮುಚ್ಚಿದರು. ಅಕ್ಕನ ಪುಸ್ತಕದ ಗುರುತಿನ ಚೀಟಿಗಳನ್ನು ನಾನೇ ಅದಲು ಬದಲು ಮಾಡಿದೆ ಎಂದು ಒಪ್ಪಿಕೊಂಡೆ. ಅಯ್ಯನವರು ಈ ಸಲ ನಗಲಿಲ್ಲ. "ಅಮ್ಮ, ದೇವರ ಮನೆ ಇದು" ಎಂದರು. ನನ್ನ ಮಗನ ವಯಸ್ಸಿನವರು ನನಗೆ ಬುದ್ಧಿ ಹೇಳಿದರು, ನಾನು ತಲೆ ತಗ್ಗಿಸಿ ಕೇಳಿದೆ. ಮದುವೆಯಾಗದವಳಿಗೆ ಮಗ ಎಲ್ಲಿಂದ ಬರಬೇಕು, ಆದರೂ ಹಾಗನ್ನಿಸಿತು.

ದಾರಿಯಲ್ಲಿ ಅಕ್ಕ ಕೇಳಿದಳು: "ಅವರು ನಿನ್ಯಾಕೆ ಬೈದ್ರು?"

"ತಮಾಷೆ ಮಾಡಿದ್ದಕ್ಕೆ."

"ನೀನು ಯಾವತ್ತೂ ಹಾಗೇ. ನಿನ್ನಿಂದ ನಂಗೂ ಕೆಟ್ಟ ಹೆಸರು" ಎಂದು ಮುಖ ಊದಿಸಿಕೊಂಡು ಮುಂದೆ ಮುಂದೆ ನಡೆದಳು. ಬೀದಿಯ ತಿರುವಿನಲ್ಲಿ ಯಾವ ಕಡೆಗೆ ಹೋಗಬೇಕೆಂದು ಗೊತ್ತಾಗದೆ ನಿಂತಳು. ನಾನು ಹೋಗಿ ಕೈ ಹಿಡಿದೆ. ಕೋಪ ಬಂದಿತ್ತು, ಆದರೂ ಹಿಡಿದೆ.

ಜೂನ್ ೨೦, ಗುರುವಾರ

ಟೈಲರ್ ಅಂಗಡಿಗೆ ಹೋಗುವಾಗ ಗಡಿಯಾರದಣ್ಣ ಕರೆದು ಬಿಸ್ಕತ್ತು ಕೊಟ್ಟರು. "ನಲವತ್ತೈದು ವರ್ಷದ ಹಿಂದೆ ಚರ್ಚಿನ ಗೋಡೆ ಗಡಿಯಾರ ವಾರ ವಾರ ಇಪ್ಪತ್ತು ನಿಮಿಷ ಮುಂದೆ ಓಡ್ತಿತ್ತಲ್ಲ, ಅದ್ಯಾಕೆ ಅಂತ ಇವತ್ತಿಗೂ ನಂಗೆ ತಿಳೀಲಿಲ್ಲ ಕಣಮ್ಮ. ನಾಲ್ಕು ಸಲ ಬಿಚ್ಚಿ ಜೋಡಿಸ್ದೆ" ಎಂದರು. ನಾನು ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

ಅಯ್ಯನವರ ಪ್ರಸಂಗ, ಆ ಉದ್ದನೆಯ ಉಪದೇಶ, ಬೇಗ ಮುಗಿಯಲಿ ಎಂದು ಪ್ರತಿ ಶನಿವಾರ ಗುಡಿಸುವ ನೆಪದಲ್ಲಿ ಒಳಗೆ ಹೋಗಿ ಮುಳ್ಳು ತಿರುಗಿಸುತ್ತಿದ್ದವರು ನಾವು. ಅಕ್ಕ ಬೆಂಚು ಹತ್ತುತ್ತಿದ್ದಳು, ನಾನು ಬೆಂಚು ಹಿಡಿಯುತ್ತಿದ್ದೆ. ಇಲ್ಲೂ ಕೆಳಗೆ ನಾನೇ. ಮನೆಗೆ ಬಂದು ಅಕ್ಕನಿಗೆ ಹೇಳಿದರೆ, "ಯಾವ ಗಡಿಯಾರ?" ಎಂದಳು. ಮೂರು ಸಲ ಬಿಡಿಸಿ ಹೇಳಿದೆ. ನನ್ನನ್ನು ಖುಷಿಪಡಿಸಲು ನಕ್ಕಳು, ಕಣ್ಣಿನಲ್ಲಿ ಏನೂ ಇರಲಿಲ್ಲ. ಹಾಗಾದರೆ ಆ ಕುಚೇಷ್ಟೆ ಈಗ ನನ್ನೊಬ್ಬಳದ್ದು. ಸುಳ್ಳು ಹೇಳಿದರೂ ತಿದ್ದಲು ಇನ್ನೊಬ್ಬರಿಲ್ಲ.

ಜೂನ್ ೩೦, ಭಾನುವಾರ

ಒಳ್ಳೆಯ ದಿನ. ನಾಲ್ಕು ಹಾಡುಗಳೂ ಎಲ್ಲಿ ಮುಗಿಯಬೇಕೋ ಅಲ್ಲಿಯೇ ಮುಗಿದವು. ಗಾಳಿ ಪೂರ್ತಿ ಖಾಲಿಯಾಗುವ ಮುಂಚೆಯೇ, ಸ್ವರ ಒಂದು ಎಳೆ ಸಡಿಲವಾಗುತ್ತಿದ್ದ ಹಾಗೆ, ಅಕ್ಕ ತಾನಾಗಿ ಕೈ ಎತ್ತಿದಳು. ನರಳಾಟವಿಲ್ಲ, ನಗುವಿಲ್ಲ. ಹೋದ ವಾರವೂ ಹೀಗೇ ಆಗಿತ್ತು. ಡಾಕ್ಟರು ಹೇಳುವುದೆಲ್ಲ ನಿಜವಾಗಬೇಕೆಂದೇನೂ ಇಲ್ಲ.

ಜುಲೈ ೭, ಭಾನುವಾರ

ಚೆನ್ನಾಗಿ ಬಾರಿಸಿದಳು. ಮನೆಗೆ ಬಂದು ಯಾವತ್ತು ಚರ್ಚಿಗೆ ಹೋಗುವುದು ಎಂದು ಕೇಳಿದಳು.

ಜುಲೈ ೧೨, ಶುಕ್ರವಾರ

ಹೊಲಿಗೆಯ ಕತ್ತರಿ ಕಾಣೆಯಾಗಿತ್ತು. ಬ್ರೆಡ್ ಡಬ್ಬಿಯಲ್ಲಿ ಸಿಕ್ಕಿತು. ಬ್ರೆಡ್ ನನ್ನ ಚಪ್ಪಲಿಯ ಪಕ್ಕದಲ್ಲಿ ಸಿಕ್ಕಿತು. "ಯಾರೋ ತರಲೆಗಳು ಮಾಡಿರ್ಬೇಕು" ಎಂದಳು ಅಕ್ಕ, ಬಹಳ ಗಂಭೀರವಾಗಿ. ನಾನು ಹೌದೆಂದೆ. ಮೊದಲಾಗಿದ್ದರೆ ವಾದ ಮಾಡುತ್ತಿದ್ದೆ.

ಬೇಕರಿಯವರು ಆಸ್ಪತ್ರೆಯಲ್ಲಿದ್ದಾರಂತೆ.

ಜುಲೈ ೧೮, ಗುರುವಾರ

ಹೇಗೆ ಬರೆಯಲಿ.

ಬೇಕರಿಯವರನ್ನು ಇವತ್ತು ಮಣ್ಣು ಮಾಡಿದರು. ಚರ್ಚು ಕಿಕ್ಕಿರಿದಿತ್ತು. ಪೆಟ್ಟಿಗೆ ಒಳಗೆ ಬರುವಾಗ ಬಾರಿಸಬೇಕಾದ ಹಾಡನ್ನು ಅಕ್ಕ ನಿನ್ನೆ ಮೇಜಿನ ಮೇಲೆ ಬೆರಳಾಡಿಸಿ ಹತ್ತು ಸಲ ಅಭ್ಯಾಸ ಮಾಡಿದ್ದಳು. ನಾನು ತಿದಿ ತುಂಬಿಕೊಂಡು ನಿಂತಿದ್ದೆ. ಬಾಗಿಲು ತೆರೆಯಿತು. ಅಕ್ಕ ಶುರು ಮಾಡಿದಳು.

ನಾವೆಯ ಹಾಡು. ಭಾನುವಾರದ ಶಾಲೆಯ ಮಕ್ಕಳು ಜೋಡಿ ಜೋಡಿಯಾಗಿ ಕುಣಿಯುತ್ತಾ, ಹಂದಿಯ ಹಾಗೆ, ಕೋಳಿಯ ಹಾಗೆ ಕೂಗುತ್ತಾ ಬೈಬಲ್ಲಿನ ಪ್ರಳಯದ ನಾವೆ ಹತ್ತುವ ಹಾಡು.

ನಾನು ಹಿಡಿಕೆ ಬಿಟ್ಟೆ. ಆದರೆ ತಿದಿ ತುಂಬಿತ್ತಲ್ಲ. ಎರಡು ಸಾಲು. ಆ ಎರಡು ಸಾಲು ಮುಗಿಯುವಷ್ಟು ಹೊತ್ತು ಪೆಟ್ಟಿಗೆ ಹೊತ್ತವರು ಹೆಜ್ಜೆ ಇಡಲಾಗದೆ ನಡುವೆಯೇ ನಿಂತಿದ್ದರು. ಆಮೇಲೆ 'ಬ್ಬೋ' ಎಂದು ನರಳಿತು. ಯಾರೋ ತಡೆಯಲಾರದೆ ಕಿಸಕ್ಕೆಂದದ್ದು ನನಗೆ ಕೇಳಿಸಿತು.

ತಡಿಕೆಯಿಂದ ಹೊರಗೆ ಬಂದೆ. ಅಕ್ಕ ಬೆಂಚಿನ ಮೇಲೆ ಕೈಗಳನ್ನು ಮೇಲಕ್ಕೆ ಹಿಡಿದುಕೊಂಡು, ಏನು ತಪ್ಪಾಯಿತೆಂದು ತಿಳಿಯದೆ, ಕೂತಿದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. "ನಾನೇ ಮಾಡಿದ್ದು. ಪುಸ್ತಕ ಬದಲಾಯಿಸಿಟ್ಟಿದ್ದೆ" ಎಂದೆ. ಗಟ್ಟಿಯಾಗಿಯೇ ಹೇಳಿದೆ, ಎಲ್ಲರಿಗೂ ಕೇಳಲೆಂದು.

ಬೇಕರಿಯವರ ಹೆಂಡತಿ ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. "ನಿಮ್ಮ ಚೇಷ್ಟೆ ನೆನೆಸ್ಕೊಂಡು ಆಸ್ಪತ್ರೇಲೂ ನಗ್ತಿದ್ರು ಕಣ್ರೀ ಅವ್ರು. ಅವ್ರ ಪೆಟ್ಟಿಗೆ ಮುಂದೇನೇ ಬೇಕಾಗಿತ್ತಾ ನಿಮ್ಗೆ?" ಎಂದು ಕೇಳಿದರು.

ನಾನು ಅಕ್ಕನ ಪುಸ್ತಕ ಮುಚ್ಚಿ, ಅವಳ ಕೈ ಹಿಡಿದು ಎಬ್ಬಿಸಿದೆ.

ಜುಲೈ ೧೯, ಶುಕ್ರವಾರ

ಕೆಲಸಕ್ಕೆ ಕೈ ಏಳಲಿಲ್ಲ. ಬ್ರೆಡ್ ತರಲು ಬೇಕರಿಗೆ ಹೋಗುವ ಮುಖವಿಲ್ಲ. ಅಕ್ಕನಿಗೆ ನಿನ್ನೆಯದು ಯಾವುದೂ ನೆನಪಿಲ್ಲ. ಚಹಾ ಕುಡಿಯುತ್ತಾ, "ಬೇಕರಿಯವ್ರು ಬಹಳ ದಿನದಿಂದ ಕಾಣ್ಲೇ ಇಲ್ವಲ್ಲೇ" ಎಂದಳು.

ಇವಳು ಪುಣ್ಯವಂತೆ. ನಾನು ಇವಳ ಪಾಲಿನದ್ದನ್ನೂ ಸೇರಿಸಿ ನೆನಪಿಟ್ಟುಕೊಳ್ಳಬೇಕು. ಇವತ್ತು ಇವಳು ಬದುಕಿರುವುದೇ ಬೇಡ ಎಂದು ಒಂದು ಗಳಿಗೆ ಅನ್ನಿಸಿತು. ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಅನ್ನಿಸಿದ್ದು ನಿಜ.

ಜುಲೈ ೨೮, ಭಾನುವಾರ

ಸಮಿತಿಯ ಪತ್ರವನ್ನು ಅಯ್ಯನವರೇ ಕೈಯಾರೆ ಕೊಟ್ಟರು. ಹಿರಿಯ ಸಹೋದರಿಯವರ ಸೇವೆಗೆ ಸಭೆಯು ಸದಾ ಋಣಿ, ಅವರು ಎಂದಿನಂತೆ ಆರ್ಗನ್ ಬಾರಿಸುವುದನ್ನು ಮುಂದುವರಿಸಬೇಕು. ತಿದಿಗೆ ಇನ್ನು ಮುಂದೆ ವಿದ್ಯುತ್ ಮೋಟಾರು ಗಾಳಿ ಹಾಕುತ್ತದೆ. ಕಿರಿಯ ಸಹೋದರಿಯವರು ವಿಶ್ರಾಂತಿ ಪಡೆಯಬಹುದು.

ವಿಶ್ರಾಂತಿ! ಎರಡು ಸಲ ಓದಿದ ಮೇಲೆ ಅರ್ಥವಾಯಿತು. ಮೋಟಾರಿನ ಗಾಳಿ ಮುಗಿಯುವುದೇ ಇಲ್ಲ. ಅಕ್ಕನನ್ನು ಉಳಿಸಲು ನಾನು ತಲೆಯ ಮೇಲೆ ಹಾಕಿಕೊಂಡ ಒಂದೊಂದು ಕುಚೇಷ್ಟೆಯೂ ಸೇರಿ ಈ ಮೋಟಾರು ಆಗಿದೆ. ಇದಕ್ಕಿಂತ ದೊಡ್ಡ ಕುಚೇಷ್ಟೆಯನ್ನು ನಮ್ಮ ಇಡೀ ಬಾಲ್ಯದಲ್ಲಿ ಯಾರೂ ಮಾಡಿರಲಿಲ್ಲ.

ಆಗಸ್ಟ್ ೧, ಗುರುವಾರ

ನಿಜ ಹೇಳಿಬಿಡುವುದು ಎಂದು ನಿರ್ಧರಿಸಿ ಗಡಿಯಾರದಣ್ಣನ ಅಂಗಡಿಗೆ ಹೋದೆ. ಅಕ್ಕನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿಲ್ಲ, ಕರೆದುಕೊಂಡೇ ಹೋದೆ. ಅವಳು ಮುಂಬಾಗಿಲ ಬಳಿ ಗೋಡೆ ಗಡಿಯಾರಗಳನ್ನು ನೋಡುತ್ತಾ ನಿಂತಳು. ನಾನು ಗಲ್ಲಾ ಮೇಜಿನ ಮೇಲೆ ಬಗ್ಗಿ ಮೆಲ್ಲಗೆ ಎಲ್ಲ ಹೇಳಿದೆ: ಡಾಕ್ಟರು, ಚೀಟಿ, ಐದನೆಯ ಚರಣ, ನಾವೆಯ ಹಾಡು.

ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನನ್ನನ್ನು ನೋಡಿದರು. "ಇನ್ನೊಂದು ಆಟಾನಾ ಕಣಮ್ಮ ಇದು?"

"ಆಣೆ ಮಾಡ್ಲಾ ಅಣ್ಣ?"

"ನಿನ್ನ ಆಣೆ ನಂಗೆ ಗೊತ್ತು" ಎಂದವರು ತಲೆ ಎತ್ತಿ ಅಕ್ಕನಿಗೆ ಕೂಗಿ ಹೇಳಿದರು: "ಏನಮ್ಮ, ಚೆನ್ನಾಗಿದ್ದೀಯಾ? ನಿನ್ನ ತಂಗಿ ನಿಂಗೆ ಮರೆವು ಅಂತಾಳೆ!"

ಅಕ್ಕ ತಿರುಗಿ ಬಂದಳು. ಇವತ್ತು ಅವಳ ಒಳ್ಳೆಯ ದಿನವಾಗಿರಬೇಕೇ! "ನಿಮ್ಮ ದೊಡ್ಡ ಮಗಳ ಮದುವೇಲಿ ಹೆಣ್ಣು ಬರೋದು ತಡ ಆಯ್ತು ಅಂತ ಒಂದೇ ಹಾಡನ್ನ ಹದಿನೇಳು ಸಲ ಬಾರಿಸಿದ್ದೆ. ನೀವು ಬಾಗಿಲಲ್ಲಿ ನಿಂತು ಬೆವರು ಒರೆಸ್ಕೊಳ್ತಾ ಇದ್ರಿ. ಮರೆವು ಯಾರಿಗೆ, ನಂಗಾ?" ಎಂದಳು. ಗಡಿಯಾರದಣ್ಣ ಬಿದ್ದು ಬಿದ್ದು ನಕ್ಕರು.

ನಗುತ್ತಲೇ ಅಕ್ಕ ನನ್ನ ಕಡೆ ನೋಡಿದಳು. ಅವಳ ತುಟಿ ನಗುತ್ತಿತ್ತು, ಕಣ್ಣು ಬೇಡುತ್ತಿತ್ತು. ಡಾಕ್ಟರ ಮನೆಯ ಮೆಟ್ಟಿಲ ಮೇಲೆ ನೋಡಿದ್ದಳಲ್ಲ, ಅದೇ ನೋಟ. "ತಮಾಷೆ ಮಾಡ್ದೆ ಅಣ್ಣ" ಎಂದೆ.

ಗಡಿಯಾರದಣ್ಣನ ನಗು ನಿಂತಿತು. "ನೀನು ಕೈ ಮೀರಿ ಹೋಗಿದ್ದೀಯ. ಜೀವಮಾನವೆಲ್ಲ ಅವಳ ಹಿಂದೆ ನಿಂತ ಹೊಟ್ಟೆಕಿಚ್ಚು ಇದು" ಎಂದರು. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು, ಅದಕ್ಕೇ ಚುಚ್ಚಿತು.

ಆಗಸ್ಟ್ ೪, ಭಾನುವಾರ

ಕೈಯಿಂದ ಗಾಳಿ ಹಾಕುವ ಕೊನೆಯ ದಿನ. ಒಂದು ಹಾಡೂ ಕೆಡಲಿಲ್ಲ. ಗುಂಡನ್ನು ನೋಡುವ ಅಗತ್ಯವೂ ಬೀಳಲಿಲ್ಲ, ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂದು ಈಗ ನನ್ನ ತೋಳಿಗೆ ಗೊತ್ತು. ಹಿಡಿಕೆಯಲ್ಲಿ ನನ್ನ ಅಂಗೈ ಕೂರುವ ಕಡೆ ಮರ ಸವೆದು ಹೊಳೆಯುತ್ತದೆ. ಹೋಗುವಾಗ ಅದನ್ನು ಸೆರಗಿನಿಂದ ಒರೆಸಿದೆ. ಯಾಕೋ.

ಈಚೆಗೆ ಇಷ್ಟು ವಾರ ತಾನಾಗಿ ನಿಲ್ಲಿಸಿದ್ದಾಳೆ. ಅಲ್ಲಿಯೂ ನಿಲ್ಲಿಸುತ್ತಾಳೆ. ನಿಲ್ಲಿಸಬೇಕು.

ಆಗಸ್ಟ್ ೯, ಶುಕ್ರವಾರ

ಮೋಟಾರು ಕೂರಿಸಿದರು. ನೋಡಲು ಹೋಗಿದ್ದೆ. ಹಿಡಿಕೆ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಎಲೆಕ್ಟ್ರಿಷಿಯನ್ ಸ್ವಿಚ್ಚು ಹಾಕಿ, "ನೋಡಿ ಅಮ್ಮ, ನೀವು ಐವತ್ತು ವರ್ಷ ಮಾಡಿದ್ದನ್ನ ಇದು ಉಸಿರು ಕೂಡ ಬಿಡ್ದೆ ಮಾಡುತ್ತೆ" ಎಂದ. ಗುಂಡು ತುಂಬಿದ ಗೆರೆಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಅಲುಗಲಿಲ್ಲ.

ಆಗಸ್ಟ್ ೧೧, ಭಾನುವಾರ

ಬರೆದರೆ ಹಗುರವಾಗುತ್ತದೆಯೇನೋ.

ಐವತ್ತೆರಡು ವರ್ಷಗಳಲ್ಲಿ ಮೊದಲ ಸಲ ಎಲ್ಲರ ಜೊತೆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು. ಬೇಕರಿಯಮ್ಮ ಎರಡು ಸಾಲು ಮುಂದಿದ್ದರು. ಅಲ್ಲಿಂದ ಅಕ್ಕನ ಬೆನ್ನು ಕಾಣುತ್ತಿತ್ತು. ಬಾರಿಸುವಾಗ ಅವಳ ಹೆಗಲು ಹೀಗೆ ತೂಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಎಷ್ಟು ಚೆಂದ ಬಾರಿಸುತ್ತಾಳೆ ನನ್ನ ಅಕ್ಕ!

ಮೊದಲ ಹಾಡು, ನಾಲ್ಕು ಚರಣ. ನಾಲ್ಕನೆಯದರ ಕೊನೆಯ ಎರಡು ಸಾಲು ಬಂದಾಗ ನನ್ನ ಬಲಗೈ ತಾನಾಗಿ ಸಡಿಲವಾಯಿತು. ಆಮೆನ್. ಪುಸ್ತಕಗಳು ಮುಚ್ಚಿದವು. ಅಕ್ಕ ಐದನೆಯದಕ್ಕೆ ಹೋದಳು. ಯಾರೋ ನಕ್ಕರು. ಆರನೆಯದು. ಇನ್ನಷ್ಟು ಜನ ನಕ್ಕು, ತಿರುಗಿ ನನ್ನನ್ನು ನೋಡಿದರು. ನಾನು ಬೆಂಚಿನ ಮೇಲಿದ್ದೆ, ಎರಡು ಕೈಯೂ ಮಡಿಲಲ್ಲಿದ್ದವು. ಅವರ ಮುಖದಿಂದ ನಗು ಇಳಿಯುವುದನ್ನು ನೋಡಿದೆ. ಏಳನೆಯದು. ಗಡಿಯಾರದಣ್ಣ ಎದ್ದು ನಿಂತರು. ಎಂಟನೆಯದರಲ್ಲಿ ಅಕ್ಕ ತಡಿಕೆಯ ಕಡೆಗೆ ಕತ್ತು ತಿರುಗಿಸಿ, ಬೆರಳು ನಿಲ್ಲಿಸದೆಯೇ, ಕರೆಯತೊಡಗಿದಳು. ನನ್ನನ್ನು. ಮನೆಯಲ್ಲಿ ಕರೆಯುವ ಹೆಸರಿನಿಂದ.

ಓಡಿದೆ. ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತು ಬೆನ್ನಿನ ಮೇಲೆ ಕೈ ಇಟ್ಟೆ. ಬೆವರಿನಿಂದ ಒದ್ದೆಯಾಗಿತ್ತು.

"ಎಲ್ಲಿ ಹೋಗಿದ್ದೆ ನೀನು?" ಎಂದಳು. ಬೆರಳುಗಳು ಓಡುತ್ತಲೇ ಇದ್ದವು. "ನೀನು ಗಾಳಿ ಬಿಡ್ತೀಯ, ಆಗ ನಿಲ್ಸೋಣ ಅಂತ ಕಾಯ್ತಾನೇ ಇದ್ದೀನಿ. ಯಾಕೆ ಬಿಡ್ಲಿಲ್ಲ? ನಂಗೆ ಹೇಗೆ ಗೊತ್ತಾಗ್ಬೇಕು?"

ಆಗ ತಿಳಿಯಿತು. ಅವಳು ಒಂದು ದಿನವೂ ತಾನಾಗಿ ನಿಲ್ಲಿಸಿರಲಿಲ್ಲ. ನನ್ನ ಗಾಳಿ ಇಳಿಯುವುದನ್ನು ಬೆರಳಿನಲ್ಲಿ ಕೇಳುತ್ತಿದ್ದಳು. ನಾನು ಬೇಕೆಂದೇ ಗಾಳಿ ಬಿಡುತ್ತಿದ್ದೆನೆಂದು ಗೊತ್ತಿತ್ತು ಅವಳಿಗೆ.

ಗಡಿಯಾರದಣ್ಣ ತಡಿಕೆಯ ಹಿಂದೆ ಹೋಗಿ ಸ್ವಿಚ್ಚು ಆರಿಸಿದರು. ಗಾಳಿ ಇಳಿಯಿತು. "ಬ್ಬೋ" ಎಂದು ಉದ್ದಕ್ಕೆ ನರಳಿ ಆರ್ಗನ್ನು ನಿಂತಿತು. ಇಡೀ ಚರ್ಚಿನಲ್ಲಿ ಒಬ್ಬರೂ ನಗಲಿಲ್ಲ.

ಅಕ್ಕನ ಮುಖ ಅರಳಿತು. "ಹಸು!" ಎಂದು ನನ್ನ ತೊಡೆ ತಟ್ಟಿ ಖಿಲ್ಲೆಂದು ನಕ್ಕಳು. "ಹಸು ಬಂತು ಕಣೇ!"

ನಾನೂ ನಕ್ಕೆ. ಅಷ್ಟು ಜನರ ಎದುರು, ದೇವರ ಮನೆಯಲ್ಲಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು, ನಿಲ್ಲಿಸಲು ಆಗಲಿಲ್ಲ. ಅಯ್ಯನವರು ಪೀಠದ ಮೇಲೆ ತಲೆ ತಗ್ಗಿಸಿದ್ದರು. ಗಡಿಯಾರದಣ್ಣ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದರು, ಅಳುತ್ತಿದ್ದರು.

ಹೊರಗೆ ಬಂದಾಗ ಬೇಕರಿಯಮ್ಮ ದಾರಿಗೆ ಅಡ್ಡ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಆಗಸ್ಟ್ ೧೮, ಭಾನುವಾರ

ಇನ್ನು ಮೇಲೆ ಅಯ್ಯನವರ ಹೆಂಡತಿ ಬಾರಿಸುತ್ತಾರಂತೆ. ಗಡಿಯಾರದಣ್ಣ ಬಂದು ಹೇಳಿ, ಹಳೆಯ ಹಿಡಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು ಹೋದರು. ಗೋಡೆ ಗಡಿಯಾರದ ಇಪ್ಪತ್ತು ನಿಮಿಷದ ವಿಷಯ ಹೇಳಿಬಿಡೋಣ ಎಂದುಕೊಂಡೆ, ಹೇಳಲಿಲ್ಲ. ಅವರು ಹುಡುಕುತ್ತಾ ಇರಲಿ. ಅಕ್ಕ ಅವರನ್ನು ಗುರುತು ಹಿಡಿಯಲಿಲ್ಲ, ಚಹಾ ಕುಡಿಯಿರಿ ಎಂದು ಉಪಚಾರ ಮಾತ್ರ ಮಾಡಿದಳು.

ಆರಾಧನೆಯ ಗಂಟೆ ಬಾರಿಸಿದಾಗ ಅಕ್ಕ ಎದ್ದು ತಲೆ ಬಾಚಿಕೊಂಡಳು. ಬಾರಿಸಲು ಹೋಗುವ ಹಾಗಿಲ್ಲವಲ್ಲ. ಊಟದ ಮೇಜಿನ ಮುಂದೆ ಕುರ್ಚಿ ಎಳೆದು ಕೂರಿಸಿದೆ. ಸರಿ ಎಂಬಂತೆ ಅವಳು ಮೊಣಕೈ ಮಡಚಿ, ಮೇಜಿನ ಅಂಚಿನ ಮೇಲೆ ಬೆರಳಾಡಿಸತೊಡಗಿದಳು. ಸದ್ದೇ ಇಲ್ಲ, ಉಗುರು ಮರಕ್ಕೆ ತಾಗುವುದು ಬಿಟ್ಟರೆ. ಹೆಗಲು ತೂಗುವುದನ್ನು ನೋಡಿಯೇ ಯಾವ ಹಾಡೆಂದು ತಿಳಿಯಿತು. ನಾನು ಅವಳ ಹಿಂದೆ ನಿಂತು ಚರಣ ಎಣಿಸಿದೆ. ಒಂದು, ಎರಡು, ಮೂರು. ನಾಲ್ಕು ಮುಗಿಯಿತು. ಕೈ ನಿಲ್ಲಲಿಲ್ಲ. ಅವಳು ಕತ್ತು ಸ್ವಲ್ಪ ಓರೆ ಮಾಡಿ ಕಾಯುತ್ತಿದ್ದಳು.

ಬಗ್ಗಿ, ಅವಳ ಕಿವಿಯ ಹತ್ತಿರ, ಎದೆಯಲ್ಲಿದ್ದ ಉಸಿರನ್ನೆಲ್ಲ ನಿಧಾನವಾಗಿ ಬಿಟ್ಟೆ.

ಅಕ್ಕ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. "ಇವತ್ತು ಗಾಳಿ ಚೆನ್ನಾಗಿತ್ತು ಕಣೇ" ಎಂದಳು.